ಸಂಘರ್ಷ ಖನಿಜ: ನೀತಿಪತ್ರ ಗೋಡೆಯ ಮೇಲಿದೆ, ಸ್ಮೆಲ್ಟರ್ ಹೆಸರು ಎಲ್ಲಿ?

ಅಮೆರಿಕದ ಗಿರಾಕಿಗಳಿಗೆ ಬೋರ್ಡು, ಸೆನ್ಸರು, ಕೇಬಲ್ ಹಾರ್ನೆಸ್ಸು ಮಾಡಿಕೊಡುವ ಕಾರ್ಖಾನೆಗಳ ನೀತಿಪತ್ರಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ನಮ್ಮ ಸಂಸ್ಥೆ ಕಾಂಗೋ ಮೂಲದ ಖನಿಜಗಳನ್ನು ಬಳಸುವುದಿಲ್ಲ.’ ಕೆಳಗೆ ಎಂಡಿ ಸಹಿ, ಸೀಲು. ಕಾರ್ಖಾನೆ ಪೀಣ್ಯದಲ್ಲಿರಲಿ, ಶೆನ್‌ಝೆನ್‌ನಲ್ಲಿರಲಿ, ಸಾಲು ಅದೇ. ಇದರಲ್ಲಿ ಎರಡು ತಪ್ಪಿವೆ. ಬಳಸುವುದಿಲ್ಲ ಎಂದು ಹೇಳಲು ಬೇಕಾದ ಮಾಹಿತಿ ಬರೆದವರ ಹತ್ತಿರ ಸಾಮಾನ್ಯವಾಗಿ ಇರುವುದೇ ಇಲ್ಲ. ಎರಡನೆಯದಾಗಿ, ಕಾಂಗೋದಿಂದ ಕೊಳ್ಳಲೇಬೇಡಿ ಎಂದು ಅಮೆರಿಕದ ಡಾಡ್-ಫ್ರಾಂಕ್ ಕಾನೂನಾಗಲಿ ಯುರೋಪಿನ ನಿಯಮವಾಗಲಿ ಹೇಳಿಲ್ಲ.

ಕೇಳುತ್ತಿರುವುದು ಬೇರೆ. ನಿಮ್ಮ ಮಾಲಿನಲ್ಲಿರುವ ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಯಾವ ಸ್ಮೆಲ್ಟರಿನಲ್ಲಿ, ಅಂದರೆ ಅದಿರು ಕರಗಿಸುವ ಕುಲುಮೆಯಲ್ಲಿ, ಕರಗಿ ಬಂತು? ಆ ಕುಲುಮೆಯವರು ಅದಿರಿನ ಮೂಲ ವಿಚಾರಿಸಿದ್ದಾರೆಯೇ? ಬಂದ ದಾರಿಯಲ್ಲಿ ಬಂದೂಕು ಹಿಡಿದವರ ಜೇಬಿಗೆ ದುಡ್ಡು ಹೋಗಿದೆಯೇ?

ಪೂರ್ವ ಕಾಂಗೋದ ಉತ್ತರ ಕಿವು ಪ್ರಾಂತ್ಯದಲ್ಲಿ ರುಬಾಯಾ ಎಂಬ ಊರಿದೆ. ಅಲ್ಲಿನ ಗುಡ್ಡಗಳಲ್ಲಿ ಸಲಿಕೆ, ಹಾರೆ ಹಿಡಿದು ಕೈಯಿಂದಲೇ ಕೋಲ್ಟಾನ್ ಅಗೆಯುತ್ತಾರೆ. ಕೋಲ್ಟಾನ್ ಎಂದರೆ ಟ್ಯಾಂಟಲಮ್‌ನ ಅದಿರು; ಜಗತ್ತಿನ ಟ್ಯಾಂಟಲಮ್‌ನಲ್ಲಿ ಸುಮಾರು ಶೇ. 15 ಇದೊಂದೇ ಜಾಗದ್ದು ಎಂಬ ಅಂದಾಜಿದೆ. 2024ರ ಏಪ್ರಿಲ್ ಕೊನೆಯ ಹೊತ್ತಿಗೆ ಎಂ23 ಬಂಡುಕೋರರು ರುಬಾಯಾವನ್ನು ಹಿಡಿದರು. ಅಗೆಯುವವರಿಂದಲೂ ಸಾಗಿಸುವವರಿಂದಲೂ ವಸೂಲಿ ಶುರುವಾಯಿತು. ಕೋಲ್ಟಾನ್ ಮೇಲಿನ ಈ ವಸೂಲಿಯಿಂದಲೇ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಬರುತ್ತಿತ್ತು ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದ್ದಾರೆ. ಸಂಘರ್ಷ ಖನಿಜ ಎಂಬ ಪದದ ಹಿಂದಿರುವ ವ್ಯವಹಾರ ಇದು. ಗಣಿಗಾರಿಕೆಯೇ ಪಾಪ ಎಂದು ಯಾರೂ ಹೇಳುತ್ತಿಲ್ಲ. ಅದೇ ಪ್ರದೇಶದಲ್ಲಿ ಲಕ್ಷಾಂತರ ಜನ ಅಗೆದು ಹೊಟ್ಟೆ ಹೊರೆಯುತ್ತಾರೆ, ಮತ್ತು ‘ಕಾಂಗೋ ಬೇಡ’ ಎಂದು ಕೊಳ್ಳುವವರೆಲ್ಲ ಕೈ ತೊಳೆದುಕೊಂಡರೆ ಮೊದಲು ಕೂಲಿ ಹೋಗುವುದು ಅವರದ್ದೇ.

2010ರ ಜುಲೈನಲ್ಲಿ ಬಂದ ಡಾಡ್-ಫ್ರಾಂಕ್ ಕಾನೂನಿನ 1502ನೇ ಸೆಕ್ಷನ್, ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ವರದಿ ಸಲ್ಲಿಸುವ ಕಂಪನಿಗಳಿಗೆ ಅನ್ವಯ. ಎಸ್‌ಇಸಿ 2012ರ ಆಗಸ್ಟ್‌ನಲ್ಲಿ ನಿಯಮ ರೂಪಿಸಿತು, 2014ರಲ್ಲಿ ಮೊದಲ ವರದಿಗಳು ಬಂದವು. ಕಾಂಗೋ ಮತ್ತು ಅದರ ಗಡಿಗೆ ಹೊಂದಿದ ಒಂಬತ್ತು ದೇಶಗಳು ಇದರ ವ್ಯಾಪ್ತಿ: ಅಂಗೋಲಾ, ಬುರುಂಡಿ, ಮಧ್ಯ ಆಫ್ರಿಕಾ ಗಣರಾಜ್ಯ, ಕಾಂಗೋ ಗಣರಾಜ್ಯ (ಹೆಸರು ಹೋಲಿದರೂ ಇದು ಬೇರೆ ದೇಶ), ರುವಾಂಡಾ, ದಕ್ಷಿಣ ಸುಡಾನ್, ತಾಂಜಾನಿಯಾ, ಉಗಾಂಡಾ, ಜಾಂಬಿಯಾ. ಬೆಂಗಳೂರಿನ ಸಣ್ಣ ಕಾರ್ಖಾನೆಗೆ ಈ ಕಾನೂನು ನೇರವಾಗಿ ತಾಗುವುದಿಲ್ಲ. ಗಿರಾಕಿಗೆ ತಾಗುತ್ತದೆ, ಗಿರಾಕಿ ಕರಾರಿನ ಮೂಲಕ ಕೆಳಗೆ ದಾಟಿಸುತ್ತಾನೆ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಯುರೋಪಿನ ನಿಯಮದ ಗುರಿ ಲೋಹ ಮತ್ತು ಅದಿರನ್ನು ನೇರವಾಗಿ ಆಮದು ಮಾಡುವವರು. ಆದರೆ ಅಲ್ಲಿ ಕಾಂಗೋ ಎಂಬ ಗೆರೆಯಿಲ್ಲ, ಜಗತ್ತಿನ ಯಾವುದೇ ಸಂಘರ್ಷಪೀಡಿತ ಪ್ರದೇಶವೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ಕಡೆಯವರು ಎಡವುವ ಮೊದಲ ಜಾಗ ಕ್ಯಾಲೆಂಡರು. ಗಿರಾಕಿಯ ವರದಿ ಜನವರಿಯಿಂದ ಡಿಸೆಂಬರ್‌ವರೆಗಿನದು, ಅವರ ಆರ್ಥಿಕ ವರ್ಷ ಯಾವುದೇ ಇರಲಿ. ಸಲ್ಲಿಸಲು ಕೊನೆಯ ದಿನ ಮೇ 31. ಏಪ್ರಿಲ್-ಮಾರ್ಚ್ ಲೆಕ್ಕ ಹಿಡಿದು ಮೇ ತಿಂಗಳಲ್ಲಿ ಉತ್ತರ ಕಳಿಸಿದರೆ ಅದು ಕಸದ ಬುಟ್ಟಿಗೆ. ಅಕ್ಟೋಬರಿನಲ್ಲಿ ಸಪ್ಲೈಯರ್‌ಗಳಿಗೆ ಪತ್ರ ಹಾಕಿ, ಜನವರಿಯಲ್ಲಿ ಬದಲಾವಣೆ ಇದೆಯೇ ಎಂದು ಮತ್ತೊಮ್ಮೆ ಕೇಳಿ, ಮಾರ್ಚ್ ಮುಗಿಯುವ ಮುನ್ನ ಗಿರಾಕಿಗೆ ನಿಮ್ಮ ಉತ್ತರದ ಫಾರಂ ಹೊರಬೀಳುವಂತೆ ಇಟ್ಟುಕೊಳ್ಳಿ.

ಈಗ ಮಾಲಿನೊಳಗೆ ಇಳಿಯೋಣ. ಬಿಲ್ ಆಫ್ ಮೆಟೀರಿಯಲ್ಸ್, ಅಂದರೆ ಮಾಲಿನ ಬಿಡಿಭಾಗಗಳ ಪಟ್ಟಿ, ಎದುರಿಗಿಟ್ಟುಕೊಂಡು ನಾಲ್ಕು ಲೋಹ ಹುಡುಕುವಾಗ ಹೆಸರು ನೋಡಿ ಹೋದರೆ ಅರ್ಧವೂ ಸಿಗುವುದಿಲ್ಲ. ಸಪ್ಲೈಯರ್ ಕೊಡುವ ಮೆಟೀರಿಯಲ್ ಡಿಕ್ಲರೇಶನ್‌ನಲ್ಲಿ ಸಿಎಎಸ್ ಸಂಖ್ಯೆ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) ಹಿಡಿದು ಹುಡುಕಿ: ತವರ 7440-31-5, ಟ್ಯಾಂಟಲಮ್ 7440-25-7, ಟಂಗ್‌ಸ್ಟನ್ 7440-33-7, ಚಿನ್ನ 7440-57-5.

ತವರದ ದೊಡ್ಡ ಪಾಲು ಬೆಸುಗೆಯಲ್ಲಿ. ಸ್ಯಾಕ್ 305 ಎಂಬ ಸೀಸರಹಿತ ಸೋಲ್ಡರ್ 1 ಕೆಜಿ ತೆಗೆದುಕೊಂಡರೆ ಅದರಲ್ಲಿ 965 ಗ್ರಾಂ ತವರ, 30 ಗ್ರಾಂ ಬೆಳ್ಳಿ, 5 ಗ್ರಾಂ ತಾಮ್ರ. ಹಳೆಯ 63/37 ಸೋಲ್ಡರ್‌ನಲ್ಲಿ 630 ಗ್ರಾಂ ತವರ, ಉಳಿದದ್ದು ಸೀಸ. ಇದು ಎಲ್ಲರಿಗೂ ನೆನಪಿರುತ್ತದೆ. ನೆನಪಾಗದ ತವರ ಬೇರೆ ಕಡೆ ಕೂತಿರುತ್ತದೆ: ಟರ್ಮಿನಲ್‌ಗಳ ಟಿನ್ ಪ್ಲೇಟಿಂಗ್, ಸ್ಪ್ರಿಂಗ್ ಕಾಂಟ್ಯಾಕ್ಟ್‌ನ ಫಾಸ್ಫರ್ ಬ್ರಾಂಜ್, ಡಿಸ್‌ಪ್ಲೇ ಗಾಜಿನ ಮೇಲಿನ ಇಂಡಿಯಂ-ಟಿನ್ ಆಕ್ಸೈಡ್ ಲೇಪ. ಪಿವಿಸಿ ವೈರಿನ ಹೊದಿಕೆಯಲ್ಲೂ ತವರದ ಸಂಯುಕ್ತ ಸ್ಟೆಬಿಲೈಸರ್ ಆಗಿ ಇರಬಹುದು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬುದನ್ನು ಗಿರಾಕಿಯ ಹತ್ತಿರ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳುವುದು ಜಾಣತನ.

ಟ್ಯಾಂಟಲಮ್ ಬಹುಮಟ್ಟಿಗೆ ಕೆಪಾಸಿಟರ್‌ಗಳಲ್ಲಿ. ಟಂಗ್‌ಸ್ಟನ್ ಕಣ್ಣಿಗೆ ಬೀಳುವುದೇ ಇಲ್ಲ: ಐಸಿ ಚಿಪ್ಪಿನೊಳಗೆ ಪದರದಿಂದ ಪದರಕ್ಕೆ ಸಂಪರ್ಕ ಕೊಡುವ ಸೂಕ್ಷ್ಮ ಕಂಬಗಳಲ್ಲಿ, ಫೋನು ಗುರ್ರೆನ್ನಿಸುವ ಮೋಟಾರಿನ ಓರೆಭಾರದಲ್ಲಿ ಇರುತ್ತದೆ. ಐಸಿ ಕೊಳ್ಳುವವರು ‘ಟಂಗ್‌ಸ್ಟನ್ ಇಲ್ಲ’ ಎಂದು ಬರೆದಿದ್ದರೆ ಅಲ್ಲೊಂದು ಅನುಮಾನ ಇರಲಿ. ಚಿನ್ನ ಐಸಿಯ ಬಾಂಡ್ ವೈರಿನಲ್ಲಿ, ಕನೆಕ್ಟರ್ ಪಿನ್ನಿನಲ್ಲಿ, ಎನಿಗ್ ಫಿನಿಶ್ (ನಿಕಲ್ ಮೇಲೆ ತೆಳುವಾದ ಚಿನ್ನದ ಲೇಪ) ಇರುವ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡಿನ ಪ್ಯಾಡಿನಲ್ಲಿ. 0.05 ಮೈಕ್ರಾನ್ ದಪ್ಪದ ಎನಿಗ್ ಚಿನ್ನ 100 ಚದರ ಸೆಂಟಿಮೀಟರ್ ಪ್ಯಾಡಿಗೆ ಸುಮಾರು 10 ಮಿಲಿಗ್ರಾಂ ಆಗುತ್ತದೆ. ಇಷ್ಟಕ್ಕೆಲ್ಲ ಏನು ಎನ್ನುವಂತಿಲ್ಲ, ಎಸ್‌ಇಸಿ ನಿಯಮದಲ್ಲಿ ಕನಿಷ್ಠ ಪ್ರಮಾಣ ಎಂಬ ವಿನಾಯಿತಿಯೇ ಇಲ್ಲ.

ಹೊರಗಿಡಬಹುದಾದದ್ದೂ ಇದೆ. ಟಂಗ್‌ಸ್ಟನ್ ಕಾರ್ಬೈಡ್ ಡ್ರಿಲ್ಲು, ಇನ್ಸರ್ಟು ಉಪಕರಣಗಳು, ಮಾಲಿನೊಳಗೆ ಹೋಗುವುದಿಲ್ಲ. ಪ್ಯಾಕಿಂಗ್ ಡಬ್ಬ ಮಾಲಿನ ಭಾಗವಲ್ಲ. ಉಕ್ಕಿನಲ್ಲಿ ತಾನಾಗಿ ಉಳಿದುಬಿಟ್ಟ ತವರದ ಕುರುಹು ಬೇಕೆಂದೇ ಸೇರಿಸಿದ್ದಲ್ಲ. ಮೊದಲು ಕೇಳಿಕೊಳ್ಳಬೇಕಾದ ಎರಡು ಒರೆಗಲ್ಲು ಇವೇ: ಬೇಕೆಂದೇ ಸೇರಿಸಿದ್ದೋ, ಮಾಲಿನಲ್ಲಿ ಉಳಿದಿದೆಯೋ.

ಲೋಹ ಸಿಕ್ಕ ಮೇಲೆ ಗಣಿಯವರೆಗೆ ಹೋಗುವುದು ಕಾರ್ಖಾನೆಯ ಕೆಲಸವಲ್ಲ, ಆಗುವ ಕೆಲಸವೂ ಅಲ್ಲ. ಈ ವ್ಯಾಪಾರದ ಆಕಾರ ಡಮರುಗದ್ದು. ಒಂದು ಕಡೆ ಸಾವಿರಾರು ಗುಂಡಿ, ಇನ್ನೊಂದು ಕಡೆ ಕೋಟಿಗಟ್ಟಲೆ ಬಿಡಿಭಾಗ, ನಡುವಿನ ಸಣ್ಣ ಸೊಂಟದಲ್ಲಿ ಕೆಲವೇ ನೂರು ಸ್ಮೆಲ್ಟರ್ ಮತ್ತು ಚಿನ್ನದ ರಿಫೈನರಿ. ಹತ್ತು ಗಣಿಯ ಅದಿರು ಒಂದೇ ಕುಲುಮೆಯಲ್ಲಿ ಕರಗಿದ ಮೇಲೆ ಯಾವ ಲ್ಯಾಬೂ ಮೂಲ ಹೇಳಲಾರದು. ಹಾಗಾಗಿ ಪರಿಶೀಲನೆ ಕುಲುಮೆಯ ಬಾಗಿಲಲ್ಲೇ ಆಗಬೇಕು. ರೆಸ್ಪಾನ್ಸಿಬಲ್ ಮಿನರಲ್ಸ್ ಇನಿಶಿಯೇಟಿವ್, ಅಂದರೆ ಆರ್‌ಎಂಐ ಎಂಬ ಉದ್ಯಮ ಸಂಸ್ಥೆ, ಸ್ಮೆಲ್ಟರ್‌ಗಳಿಗೆ ಹೊರಗಿನ ಆಡಿಟರ್‌ಗಳನ್ನು ಕಳಿಸಿ ಅದಿರಿನ ಕಾಗದಪತ್ರ, ತೂಕ, ದಾಸ್ತಾನು ತಾಳೆ ನೋಡಿಸುತ್ತದೆ. ತೇರ್ಗಡೆಯಾದವರು ‘ಕನ್ಫಾರ್ಮಂಟ್’, ಆಡಿಟ್‌ಗೆ ಒಪ್ಪಿ ಸಾಲಿನಲ್ಲಿ ನಿಂತವರು ‘ಆ್ಯಕ್ಟಿವ್’.

ಇಂಟೆಲ್ ಹಿಡಿದದ್ದು ಈ ಸೊಂಟವನ್ನೇ. ನೀತಿ ಬರೆದು ಸುಮ್ಮನಾಗದೆ, ಹಲವು ದೇಶಗಳ ಸ್ಮೆಲ್ಟರ್‌ಗಳಿಗೆ ತನ್ನ ಜನರನ್ನೇ ಕಳಿಸಿತು. ಮೊದಲು ಟ್ಯಾಂಟಲಮ್, ಆಮೇಲೆ ಉಳಿದ ಮೂರು ಲೋಹ. 2014ರ ಜನವರಿಯಲ್ಲಿ ಮುಖ್ಯಸ್ಥ ಬ್ರಯನ್ ಕ್ರಜಾನಿಚ್ ತಮ್ಮ ಹೊಸ ಮೈಕ್ರೋಪ್ರೊಸೆಸರ್‌ಗಳಲ್ಲಿ ನಾಲ್ಕೂ ಲೋಹ ಸಂಘರ್ಷಮುಕ್ತ ಎಂದು ಘೋಷಿಸಿದರು. ಟ್ಯಾಂಟಲಮ್ ಮೊದಲು ಕೈಗೆ ಬಂದದ್ದಕ್ಕೆ ಕಾರಣ ಸರಳ: ಅದನ್ನು ಸಂಸ್ಕರಿಸುವವರೂ ಕಡಿಮೆ, ಕೆಪಾಸಿಟರ್ ಮಾಡುವವರೂ ಕಡಿಮೆ. ಘೋಷಣೆ ಮೈಕ್ರೋಪ್ರೊಸೆಸರಿಗೆ ಮಾತ್ರ ಸೀಮಿತವಾಗಿತ್ತು ಎಂಬುದನ್ನೂ ಗಮನಿಸಬೇಕು. ಅಷ್ಟು ದೊಡ್ಡ ಕಂಪನಿ ಒಂದು ಬಗೆಯ ಮಾಲಿಗೆ ಮಾತ್ರ ಮಾತು ಕೊಟ್ಟಿತು. ಇಪ್ಪತ್ತು ಜನರ ಕಾರ್ಖಾನೆ ಎಲ್ಲ ಮಾಲಿಗೂ ಶೇ. 100 ಎಂದು ಬರೆಯುತ್ತದೆ.

ಸಪ್ಲೈಯರ್‌ನಿಂದ ಸ್ಮೆಲ್ಟರ್ ಹೆಸರು ತರುವ ಸಾಧನ ಸಿಎಂಆರ್‌ಟಿ ಎಂಬ ಎಕ್ಸೆಲ್ ಫಾರಂ. ಆರ್‌ಎಂಐ ಇದನ್ನು ಪುಕ್ಕಟೆ ಕೊಡುತ್ತದೆ, ಆಗಾಗ ಹೊಸ ಆವೃತ್ತಿ ಬಿಡುತ್ತದೆ. ಹಳೆಯ ಆವೃತ್ತಿಯಲ್ಲಿ ತುಂಬಿದರೆ ಗಿರಾಕಿಯ ಸಾಫ್ಟ್‌ವೇರ್ ತೆಗೆದುಕೊಳ್ಳುವುದೇ ಇಲ್ಲ. ಡಿಕ್ಲರೇಶನ್ ಹಾಳೆಯ ಮೇಲ್ಭಾಗದಲ್ಲಿ ವ್ಯಾಪ್ತಿ ಆರಿಸಬೇಕು: ಇಡೀ ಕಂಪನಿಯೋ, ಪಟ್ಟಿ ಕೊಟ್ಟ ಮಾಲುಗಳೋ, ನೀವೇ ವಿವರಿಸುವ ಗುಂಪೋ. ಕೆಳಗೆ ನಾಲ್ಕು ಲೋಹಕ್ಕೂ ಬೇರೆ ಬೇರೆಯಾಗಿ ಉತ್ತರಿಸಬೇಕಾದ ಎಂಟು ಪ್ರಶ್ನೆ. ಆಮೇಲೆ ಸ್ಮೆಲ್ಟರ್ ಪಟ್ಟಿಯ ಹಾಳೆ, ಅದರ ನಂತರ ಚೆಕರ್ ಹಾಳೆ.

ಸ್ಮೆಲ್ಟರ್ ಹಾಳೆಯಲ್ಲಿ ಹೆಸರು ಟೈಪ್ ಮಾಡಲು ಹೋಗಬೇಡಿ. ಮೊದಲ ಕಾಲಂನಲ್ಲಿ ಸಿಐಡಿ ಸಂಖ್ಯೆ ಹಾಕಿ. ಪೊಲೀಸರ ಸಿಐಡಿ ಅಲ್ಲ, ಪ್ರತಿ ಸ್ಮೆಲ್ಟರಿಗೆ ಆರ್‌ಎಂಐ ಕೊಟ್ಟ ಗುರುತು: ಆ ಮೂರಕ್ಷರ, ಮುಂದೆ ಆರು ಅಂಕಿ. ಸಂಖ್ಯೆ ಸರಿ ಇದ್ದರೆ ಲೋಹ, ಹೆಸರು, ದೇಶ ತಾವಾಗಿ ತುಂಬಿಕೊಳ್ಳುತ್ತವೆ. ಒಂದೇ ಸ್ಮೆಲ್ಟರ್ ನಾಲ್ಕು ಕಾಗುಣಿತದಲ್ಲಿ ನಾಲ್ಕು ಸಲ ಬರುವ ಗೋಳು ಇದರಿಂದ ತಪ್ಪುತ್ತದೆ.

ಚೆಕರ್ ಹಾಳೆ ಪೂರ್ತಿ ಹಸಿರಾದರೆ ಫಾರಂ ಸರಿ ಎಂದು ಬಹಳ ಜನ ನಂಬಿದ್ದಾರೆ. ಅದು ನೋಡುವುದು ಖಾಲಿ ಜಾಗ ಉಳಿದಿದೆಯೇ ಎಂದಷ್ಟೇ. ಬರೆದದ್ದು ನಿಜವೋ ಸುಳ್ಳೋ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಓದುವ ಮನುಷ್ಯನೇ ಹಿಡಿಯಬೇಕು, ಮತ್ತು ಹಿಡಿಯಬೇಕಾದ ತಪ್ಪುಗಳು ಹೆಚ್ಚುಕಡಿಮೆ ಪ್ರತಿ ವರ್ಷ ಅವೇ.

ಎಲ್ಲಕ್ಕಿಂತ ಸಾಮಾನ್ಯವಾದದ್ದು, ಸ್ಮೆಲ್ಟರ್ ಜಾಗದಲ್ಲಿ ಸೋಲ್ಡರ್ ತಯಾರಕನ ಹೆಸರು, ಪ್ಲೇಟಿಂಗ್ ಶಾಪಿನ ಹೆಸರು ಅಥವಾ ಅಂಗಡಿಯ ಹೆಸರು. ಸೋಲ್ಡರ್ ಮಾಡುವವನು ತವರದ ಗಟ್ಟಿ ಕೊಂಡು ಬೆಳ್ಳಿ, ತಾಮ್ರ ಬೆರೆಸುತ್ತಾನೆ, ಅದಿರು ಕರಗಿಸುವುದಿಲ್ಲ. ಪ್ಲೇಟಿಂಗ್‌ನವನು ತವರದ ಆ್ಯನೋಡು ಅಥವಾ ಚಿನ್ನದ ಸಯನೈಡ್ ಲವಣ ತರುತ್ತಾನೆ. ಆ ಪೊಟ್ಯಾಶಿಯಂ ಗೋಲ್ಡ್ ಸಯನೈಡ್‌ನಲ್ಲಿ ತೂಕದ ಸುಮಾರು ಶೇ. 68 ಚಿನ್ನ. ಕೇಳಬೇಕಾದ ಪ್ರಶ್ನೆ: ‘ಲವಣ ಯಾರಿಂದ ತಂದಿರಿ, ಅವರು ಚಿನ್ನ ಯಾವ ರಿಫೈನರಿಯಿಂದ ತಂದರು?’ ತವರದ ವಿಚಾರ ಸುಲಭ. ಗಟ್ಟಿಯ ಮೇಲೆ ಬ್ರ್ಯಾಂಡ್ ಅಚ್ಚೊತ್ತಿರುತ್ತದೆ. ಇಂಡೋನೇಷ್ಯಾದ ಪಿಟಿ ತಿಮಾ, ಮಲೇಷ್ಯಾ ಸ್ಮೆಲ್ಟಿಂಗ್ ಕಾರ್ಪೊರೇಶನ್, ಥಾಯ್ಲೆಂಡಿನ ಥೈಸಾರ್ಕೊ, ಪೆರುವಿನ ಮಿನ್ಸುರ್, ಚೀನಾದ ಯುನ್ನಾನ್ ಟಿನ್ ಇವೆಲ್ಲ ಸ್ಮೆಲ್ಟರ್ ಹೆಸರುಗಳು. ಗೋದಾಮಿಗೆ ಹೋಗಿ ಅಚ್ಚಿನ ಫೋಟೊ ತೆಗೆದು ಕಳಿಸಿ ಎಂದರೆ ಪ್ಲೇಟಿಂಗ್ ಶಾಪಿನವರು ಕಳಿಸುತ್ತಾರೆ. ಇಪ್ಪತ್ತು ಪುಟದ ಇಂಗ್ಲಿಷ್ ಫಾರಂ ತುಂಬಿ ಎಂದರೆ ಫೋನ್ ಎತ್ತುವುದನ್ನೇ ಬಿಡುತ್ತಾರೆ.

ಎರಡನೆಯದು, ಉದ್ದದ ಪಟ್ಟಿ. ಬರೀ ಸ್ಟೀಲ್ ಬ್ರ್ಯಾಕೆಟ್ ಮತ್ತು ತವರಲೇಪದ ಟರ್ಮಿನಲ್ ಕೊಡುವವನ ಫಾರಂನಲ್ಲಿ ಮುನ್ನೂರು ಸ್ಮೆಲ್ಟರ್, ಅದರಲ್ಲಿ ಟ್ಯಾಂಟಲಮ್ ಕೂಡ! ಮೇಲಿನ ದೊಡ್ಡ ಕಂಪನಿಯ ಪಟ್ಟಿಯನ್ನು ಹಾಗೇ ಅಂಟಿಸಿದ್ದಾನೆ ಎಂದರ್ಥ. ಉದ್ದದ ಪಟ್ಟಿ ಪ್ರಾಮಾಣಿಕತೆಯಂತೆ ಕಾಣುತ್ತದೆ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಅಂಥವರಿಂದ ಇಡೀ ಕಂಪನಿಯ ಬದಲು ಮಾಲಿನ ಮಟ್ಟದ ಡಿಕ್ಲರೇಶನ್ ಕೇಳಬೇಕು. ಒಂದು ಲೋಹ ಬಳಸುವುದಿಲ್ಲ ಎಂದು ಮೊದಲ ಪ್ರಶ್ನೆಯಲ್ಲಿ ಹೇಳಿ ಅದೇ ಲೋಹದ ಸ್ಮೆಲ್ಟರ್ ಕೊಟ್ಟಿದ್ದರೆ, ಅಥವಾ ಬಳಸುತ್ತೇವೆ ಎಂದು ಹೇಳಿ ಒಂದೂ ಸ್ಮೆಲ್ಟರ್ ಕೊಡದಿದ್ದರೆ, ಫಾರಂ ವಾಪಸ್.

ಇನ್ನೊಂದು ಸೂಕ್ಷ್ಮ ತಪ್ಪು: ‘ನಿಮ್ಮ ಸ್ಮೆಲ್ಟರ್‌ಗಳಲ್ಲಿ ಯಾರಾದರೂ ಆ ಹತ್ತು ದೇಶಗಳಿಂದ ಅದಿರು ತರುತ್ತಾರೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’. ‘ಹೌದು’ ಎಂದರೆ ಆರ್ಡರ್ ಹೋದೀತು ಎಂಬ ಭಯ. ಆದರೆ ಕೊಟ್ಟ ಪಟ್ಟಿಯಲ್ಲೇ ಮಧ್ಯ ಆಫ್ರಿಕಾದಿಂದ ತರುವುದಾಗಿ ತಾನೇ ಬಹಿರಂಗವಾಗಿ ಹೇಳಿಕೊಂಡಿರುವ, ಆಡಿಟ್ ತೇರ್ಗಡೆಯಾದ ಸ್ಮೆಲ್ಟರ್ ಇರುತ್ತದೆ. ಇಲ್ಲಿ ‘ಹೌದು’ ಎನ್ನುವುದು ಸರಿಯಾದ ಉತ್ತರ, ಅಪರಾಧವಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂಬ ಆಯ್ಕೆ ಇದ್ದೇ ಇದೆ. ಸ್ಮೆಲ್ಟರ್ ಪಟ್ಟಿಯಲ್ಲೂ ‘ಇನ್ನೂ ಪತ್ತೆಯಾಗಿಲ್ಲ’ ಎಂಬ ಆಯ್ಕೆ ಕೊಟ್ಟಿದ್ದಾರೆ. ನಾಲ್ಕು ಸಾಲು ‘ಪತ್ತೆಯಾಗಿಲ್ಲ’ ಇರುವ ಫಾರಂ, ಪೂರ್ತಿ ತುಂಬಿದ ಸುಳ್ಳು ಫಾರಂಗಿಂತ ಎಷ್ಟೋ ಮೇಲು.

ಆಡಿಟ್ ಇದೆಯೆಂದು ನಿಶ್ಚಿಂತರಾಗುವಂತಿಲ್ಲ. ಗಣಿಯ ಕಡೆ ಐಟಿಎಸ್‌ಸಿಐ ಎಂಬ ವ್ಯವಸ್ಥೆ ಚೀಲಕ್ಕೆ ಟ್ಯಾಗ್ ಕಟ್ಟುತ್ತದೆ: ಗಣಿಯಲ್ಲೊಂದು, ಅದಿರು ಕೊಳ್ಳುವ ದಲ್ಲಾಳಿಯ ಡಿಪೊದಲ್ಲೊಂದು. ತೊಂದರೆ ಏನೆಂದರೆ ಟ್ಯಾಗ್ ಇರುವುದು ಚೀಲಕ್ಕೆ, ಅದಿರಿಗಲ್ಲ. ಒಳ್ಳೆಯ ಗಣಿಯ ಟ್ಯಾಗನ್ನು ಬೇರೆ ಗುಂಡಿಯ ಮಾಲಿಗೆ ಕಟ್ಟಿದರೆ ಮುಂದಿನ ಎಲ್ಲ ಕಾಗದವೂ ಶುದ್ಧವಾಗಿ ಕಾಣುತ್ತದೆ. 2022ರಲ್ಲಿ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಇಂಥ ಸೋರಿಕೆಗಳ ಬಗ್ಗೆ ವರದಿ ಹೊರತಂದಿತು, ಅದೇ ವರ್ಷ ಆರ್‌ಎಂಐ ಐಟಿಎಸ್‌ಸಿಐಗೆ ಕೊಟ್ಟಿದ್ದ ಮಾನ್ಯತೆ ಹಿಂತೆಗೆದುಕೊಂಡಿತು. ಸಂಘರ್ಷ ಹೆಚ್ಚಿದ ಕಾರಣ ಕೊಟ್ಟು, 2024ರಲ್ಲಿ ಕಾಂಗೋ ಮತ್ತು ರುವಾಂಡಾದ ಈ ನಾಲ್ಕು ಲೋಹಗಳನ್ನು ನಿಲ್ಲಿಸುವಂತೆ ಆ್ಯಪಲ್ ತನ್ನ ಸಪ್ಲೈಯರ್‌ಗಳಿಗೆ ಸೂಚಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಕಾಂಗೋ ಸರ್ಕಾರ ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಆ್ಯಪಲ್‌ನ ಅಂಗಸಂಸ್ಥೆಗಳ ಮೇಲೆ ದೂರು ಕೊಟ್ಟಾಗ ಕಂಪನಿ ಆರೋಪಗಳನ್ನು ತಳ್ಳಿಹಾಕಿತು. ಕಳೆದ ವರ್ಷದ ಪಟ್ಟಿಯನ್ನು ದಿನಾಂಕ ತಿದ್ದಿ ಕಳಿಸುವ ಅಭ್ಯಾಸ ಇರುವವರು ಇದನ್ನು ನೆನಪಿಡಬೇಕು. ಸ್ಮೆಲ್ಟರ್ ಸ್ಥಿತಿ ವರ್ಷದ ನಡುವೆಯೇ ಬದಲಾಗುತ್ತದೆ, ಆರ್‌ಎಂಐ ಪಟ್ಟಿಯ ಜೊತೆ ತಿಂಗಳಿಗೊಮ್ಮೆ ತಾಳೆ ನೋಡುವುದು ಒಳ್ಳೆಯದು.

ಚಿನ್ನದ ಕಥೆಯೇ ಬೇರೆ. 1 ಕೆಜಿ ಚಿನ್ನದ ಗಾತ್ರ 52 ಘನ ಸೆಂಟಿಮೀಟರ್, ಎರಡು ಬೆಂಕಿಪೊಟ್ಟಣದಷ್ಟು. ಕೋಲ್ಟಾನ್‌ಗೆ ಲಾರಿ ಬೇಕು, ಚಿನ್ನಕ್ಕೆ ಅಂಗಿಯ ಜೇಬು ಸಾಕು. ಗಡಿ ದಾಟಿ, ಬೇರೆ ದೇಶದಲ್ಲಿ ಕರಗಿ, ‘ಹಳೆಯ ಒಡವೆ’ ಎಂಬ ಹೆಸರಿನಲ್ಲಿ ಹುಟ್ಟಿ ಬಂದರೆ ಮೂಲ ಮುಗಿಯಿತು. ಇಲ್ಲಿ ಆರ್‌ಎಂಐ ಜೊತೆಗೆ ಲಂಡನ್ನಿನ ಚಿನ್ನ-ಬೆಳ್ಳಿ ಮಾರುಕಟ್ಟೆ ಸಂಘ ಎಲ್‌ಬಿಎಂಎ ಪಟ್ಟಿಯನ್ನೂ ನೋಡಬೇಕು. ಹರಿಯಾಣದ ಎಂಎಂಟಿಸಿ-ಪ್ಯಾಂಪ್ ಅದರಲ್ಲಿದೆ. ನಿರ್ಬಂಧದ ಪಟ್ಟಿಗಳನ್ನಂತೂ ಬಿಡುವಂತಿಲ್ಲ. ಉಗಾಂಡಾದ ಆಫ್ರಿಕನ್ ಗೋಲ್ಡ್ ರಿಫೈನರಿಯ ಮೇಲೆ ಅಮೆರಿಕ 2022ರ ಮಾರ್ಚ್‌ನಲ್ಲಿ ನಿರ್ಬಂಧ ಹೇರಿತು, ರುವಾಂಡಾದ ಗಸಾಬೊ ಗೋಲ್ಡ್ ರಿಫೈನರಿಯ ಮೇಲೆ ಯುರೋಪಿಯನ್ ಒಕ್ಕೂಟ 2025ರ ಮಾರ್ಚ್‌ನಲ್ಲಿ. ಇಂಥ ಹೆಸರು ಫಾರಂನಲ್ಲಿ ಕಂಡರೆ ಚರ್ಚೆಯಿಲ್ಲ, ಆ ಭಾಗದ ಖರೀದಿ ಅಂದೇ ನಿಲ್ಲಬೇಕು, ಗಿರಾಕಿಗೆ ಅಂದೇ ತಿಳಿಸಬೇಕು.

ಉಳಿದ ಅನುಮಾನದ ಸ್ಮೆಲ್ಟರ್‌ಗಳಿಗೆ ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿಯ ಮಾರ್ಗಸೂಚಿ ಮೂರು ದಾರಿ ಕೊಡುತ್ತದೆ: ಕೊಳ್ಳುತ್ತಲೇ ತಿದ್ದಿಸುವುದು, ತಿದ್ದುವವರೆಗೆ ತಾತ್ಕಾಲಿಕವಾಗಿ ನಿಲ್ಲಿಸುವುದು, ಪೂರ್ತಿ ಬಿಡುವುದು. ಸಶಸ್ತ್ರ ಗುಂಪಿಗೆ ನೆರವು, ಬಲವಂತದ ದುಡಿಮೆ, ಹೀನ ರೂಪದ ಬಾಲಕಾರ್ಮಿಕತನದಂಥ ಅಪಾಯ ಕಂಡರೆ ತಕ್ಷಣ ನಿಲ್ಲಿಸಬೇಕು. ಲಂಚ, ತೆರಿಗೆಗಳ್ಳತನದಂಥವಕ್ಕೆ ತಿದ್ದುವ ಯೋಜನೆ ಹಾಕಿ, ಆರು ತಿಂಗಳೊಳಗೆ ಅಳೆಯಬಹುದಾದ ಸುಧಾರಣೆ ಕೇಳಬೇಕು. ಸಣ್ಣ ಕಾರ್ಖಾನೆಯ ಮಾತನ್ನು ಸ್ಮೆಲ್ಟರ್ ಎಲ್ಲಿ ಕೇಳುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೇಳುವುದಿಲ್ಲ. ಆದರೆ ಸೋಲ್ಡರ್ ಕೊಡುವವನು ಕೇಳುತ್ತಾನೆ. ‘ಮೂರು ತಿಂಗಳಲ್ಲಿ ಈ ಸ್ಮೆಲ್ಟರ್ ಬಿಟ್ಟು ಬೇರೆ ತವರ ತನ್ನಿ, ಇಲ್ಲವಾದರೆ ಮುಂದಿನ ಪರ್ಚೇಸ್ ಆರ್ಡರ್ ಬೇರೆಯವರಿಗೆ’ ಎಂಬ ಪತ್ರಕ್ಕೆ ಬೆಲೆ ಇದೆ. ಬದಲಿ ಸೋಲ್ಡರ್‌ಗೆ ಪ್ರೊಸೆಸ್ ಅನುಮೋದನೆ ಮತ್ತೆ ಬೇಕಾಗಬಹುದು, ಅದಕ್ಕೂ ಸಮಯ ಹಿಡಿದಿರಿ. ಪತ್ರ, ಉತ್ತರ, ಫಾರಂ ಎಲ್ಲವನ್ನೂ ಕನಿಷ್ಠ 5 ವರ್ಷ ಇಡಬೇಕೆನ್ನುತ್ತದೆ ಅದೇ ಮಾರ್ಗಸೂಚಿ.

ಇಷ್ಟಾದ ಮೇಲೆ ನೀತಿಪತ್ರ ಬರೆಯುವುದು ಅರ್ಧ ಪುಟದ ಕೆಲಸ. ‘ಕಾಂಗೋದಿಂದ ಕೊಳ್ಳುವುದಿಲ್ಲ’ ತೆಗೆದು, ‘ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಸಶಸ್ತ್ರ ಗುಂಪುಗಳಿಗೆ ಹಣ ಸೇರುವ ಮೂಲದಿಂದ ಕೊಳ್ಳುವುದಿಲ್ಲ, ಒಇಸಿಡಿ ಮಾರ್ಗಸೂಚಿಯಂತೆ ಸ್ಮೆಲ್ಟರ್ ಮಟ್ಟದವರೆಗೆ ವಿಚಾರಿಸುತ್ತೇವೆ, ಸಪ್ಲೈಯರ್‌ಗಳು ವರ್ಷಕ್ಕೊಮ್ಮೆ ಸಿಎಂಆರ್‌ಟಿ ಕೊಡಬೇಕು’ ಎಂದು ಹಾಕಿ. ಯಾರ ಹೊಣೆ ಎಂದು ಹುದ್ದೆಯ ಸಮೇತ ಬರೆಯಿರಿ, ದೂರು ಕೊಡಲು ಒಂದು ಇಮೇಲ್ ಕೊಡಿ. ‘ಸಂಘರ್ಷಮುಕ್ತ’ ಎಂಬ ಪದವನ್ನು ಸುಮ್ಮನೆ ಬಳಸಬೇಡಿ. ಎಸ್‌ಇಸಿಗೆ ಸಲ್ಲಿಸುವ ವರದಿಯಲ್ಲಿ ಒಂದು ಮಾಲು ಕಾಂಗೋ ಸಂಘರ್ಷಮುಕ್ತ ಎಂದು ಹೇಳಿಕೊಂಡರೆ ಗಿರಾಕಿ ಸ್ವತಂತ್ರ ಆಡಿಟ್ ಮಾಡಿಸಬೇಕಾಗುತ್ತದೆ. ನೀವು ಉತ್ಸಾಹದಲ್ಲಿ ಬರೆದ ಪದ ಅವನ ಕುತ್ತಿಗೆಗೆ ಬಂದೀತು.

ಕೊನೆಗೆ ವೇವ್ ಸೋಲ್ಡರಿಂಗ್ ಮಡಕೆಯ ಮೇಲೆ ಕಟ್ಟುವ ಕಿಟ್ಟ. ಅದನ್ನು ಗುಜರಿಗೆ ಮಾರಿ, ಅದೇ ತವರ ಶುದ್ಧವಾಗಿ ಸೋಲ್ಡರ್ ಬಾರ್ ಆಗಿ ಮರಳಿ ಬಂದರೆ ಅದು ಮರುಬಳಕೆಯ ಮೂಲ. ಫಾರಂನಲ್ಲಿ ಅದಕ್ಕೆಂದೇ ಪ್ರಶ್ನೆಯಿದೆ: ಈ ಲೋಹ ಶೇ. 100 ಮರುಬಳಕೆಯದೇ? ಹೌದು ಎನ್ನುವ ಮುನ್ನ ಮರುಬಳಕೆ ಮಾಡಿದವರ ಹೆಸರು, ಕಿಟ್ಟ ಹೋದ ಚಲನ್, ಬಾರ್ ಬಂದ ಇನ್‌ವಾಯ್ಸ್ ಮೂರೂ ಒಂದೇ ಕಡತದಲ್ಲಿರಲಿ. ಶೇ. 90 ಮರುಬಳಕೆ, ಶೇ. 10 ಹೊಸ ತವರ ಬೆರೆತಿದ್ದರೆ ಉತ್ತರ ‘ಇಲ್ಲ’, ಮತ್ತು ಆ ಶೇ. 10ರ ಸ್ಮೆಲ್ಟರ್ ಹೆಸರು ಪಟ್ಟಿಗೆ ಬರಬೇಕು.